ಮಾತ್ರೆ ಬದಲಿಸುವ ಮೊದಲು ಪರೀಕ್ಷೆ ಕೇಳಿ

ತಂಗಿ, ನಿಮ್ಮ ಪತ್ರ ನೋಡಿದೆ. ಯೋನಿಯಲ್ಲಿ ತುರಿಕೆ, ವಾಸನೆ, ಬಿಳಿ ಹೋಗುವುದು ಪದೇಪದೇ ಆಗುತ್ತಿದೆ ಅಂತ ಎಲ್ಲ ಬರೆದಿದ್ದೀರಿ. ಆದರೂ ಯಾರೂ ಒಳಗೆ ನೋಡದೆ ಪ್ರತಿ ಸಲ ಅದೇ ಫಂಗಸ್ ಮಾತ್ರೆ ಕೊಟ್ಟಿದ್ದಾರಲ್ಲ, ಓದಿ ತುಂಬಾ ಬೇಜಾರಾಯಿತು. ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ಮೂತ್ರ ನಾರ್ಮಲ್, ಸ್ಕ್ಯಾನಿಂಗ್ ನಾರ್ಮಲ್ ಅಂತ ರಿಪೋರ್ಟ್ ಹಿಡಿದು ಬರುವವರು ಜಾಸ್ತಿ. ಯೋನಿಯ ಸೋಂಕು ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ. ಪ್ಯಾಪ್ ಸ್ಮಿಯರ್ ಮಾಡುವುದೂ ಗರ್ಭಕೊರಳಿನ ಕ್ಯಾನ್ಸರ್ ಸುಳಿವಿಗೆ, ಇದಕ್ಕಲ್ಲ.

ಡಾಕ್ಟರ್ ಹತ್ತಿರ ಹೆಸರು ಹಿಡಿದೇ ಕೇಳಿ: ಪಿಎಚ್ (ಒಳಗಿನ ಹುಳಿಯ ಮಟ್ಟ) ನೋಡಿ, ಸ್ವಾಬ್ (ಹತ್ತಿಕಡ್ಡಿಯಲ್ಲಿ ಸ್ಯಾಂಪಲ್) ತೆಗೆದು ವೆಟ್ ಮೌಂಟ್ (ಹಸಿಯಾಗಿಯೇ ಮೈಕ್ರೋಸ್ಕೋಪ್‌ನಲ್ಲಿ ನೋಡುವುದು), ಗ್ರಾಂ ಸ್ಟೇನ್ (ಬಣ್ಣ ಹಾಕಿ ನೋಡುವುದು) ಮಾಡಿಸಿ, ಫಂಗಲ್ ಕಲ್ಚರ್‌ಗೂ (ಫಂಗಸ್ ಬೆಳೆಸಿ ನೋಡುವುದು) ಕಳಿಸಿ ಅಂತ. ಪಿಎಚ್ 4.5ಕ್ಕಿಂತ ಜಾಸ್ತಿ ಇದ್ದರೆ ಬರೀ ಫಂಗಸ್ ಇರುವುದು ಅಪರೂಪ, ಬ್ಯಾಕ್ಟೀರಿಯಲ್ ವಜೈನೋಸಿಸ್ (ಒಳಗಿನ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪುವುದು) ಅಥವಾ ಟ್ರೈಕೊಮೊನಾಸ್ (ಸೇರುವುದರಿಂದ ಹರಡುವ ಸೂಕ್ಷ್ಮ ಪರಾವಲಂಬಿ) ಇದೆಯಾ ಹುಡುಕಬೇಕು. ಇವೆರಡಕ್ಕೂ ಫಂಗಸ್ ಮಾತ್ರೆ ಫ್ಲುಕೋನಜೋಲ್ ಕೆಲಸ ಮಾಡುವುದಿಲ್ಲ. ಫಂಗಸ್ಸೇ ಆಗಿದ್ದರೂ ಕ್ಯಾಂಡಿಡಾ ಗ್ಲಾಬ್ರಾಟಾ ಅನ್ನುವ ಜಾತಿ ಆ ಮಾತ್ರೆಗೆ ಸುಲಭಕ್ಕೆ ಬಗ್ಗುವುದಿಲ್ಲ, ಅದು ಕಲ್ಚರ್ ಮಾಡಿದರೆ ಗೊತ್ತಾಗುತ್ತದೆ. ವೆಟ್ ಮೌಂಟ್‌ನಲ್ಲಿ ಟ್ರೈಕೊಮೊನಾಸ್ ಅಲುಗಾಡುತ್ತಿದ್ದರೆ ಮಾತ್ರ ನಮಗೆ ಗುರುತು ಸಿಗುತ್ತದೆ, ಸ್ಯಾಂಪಲ್ ತಡವಾಗಿ ಬಂದರೆ ಸಿಗುವುದಿಲ್ಲ, ಬೇಗ ನೋಡಿದರೂ ಎಷ್ಟೋ ಸಲ ತಪ್ಪಿಹೋಗುತ್ತದೆ, ಹಾಗಾಗಿ ನೆಗೆಟಿವ್ ಬಂತು ಅಂತ ಸುಮ್ನೆ ಕೂರಬೇಡಿ, ಪಿಸಿಆರ್ (ಕ್ರಿಮಿಯ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡುವ ಲ್ಯಾಬ್ ಇದ್ದರೆ ಅಲ್ಲಿ ಮಾಡಿಸಿ. ದುಡ್ಡು ಜಾಸ್ತಿ, ನಿಜ. ಸ್ವಾಬ್ ಕೊಡುವ ಮೊದಲು ಒಂದೆರಡು ದಿನ ಒಳಗೆ ಕ್ರೀಮ್ ಹಚ್ಚಬೇಡಿ, ತೊಳೆಯಬೇಡಿ, ಗಂಡನ ಜೊತೆ ಸೇರುವುದೂ ಬೇಡ.
— ಲ್ಯಾಬ್ ಟೆಕ್ನಿಷಿಯನ್, ದಾವಣಗೆರೆ

ನನಗೆ ಮನೆಯಲ್ಲಿ ಎಲ್ಲರೂ ಉಷ್ಣ ಅಂತಲೇ ಹೇಳುತ್ತಿದ್ದರು. ಮಜ್ಜಿಗೆ ಕುಡಿ, ಮೆಂತ್ಯ ತಿನ್ನು, ಅಷ್ಟೇ. ಕೊನೆಗೆ ಸಿಕ್ಕಿದ್ದು ಟ್ರೈಕೊಮೊನಾಸ್. ಅಕ್ಕ, ಅದೇ ಬಂದರೆ ಗಂಡನಿಗೂ ಒಟ್ಟಿಗೇ ಔಷಧಿ ಆಗಬೇಕು, ಅವರಿಗೆ ಏನೂ ತೊಂದರೆ ಕಾಣದಿದ್ದರೂ. ಇಲ್ಲದಿದ್ದರೆ ನಿಮಗೆ ವಾಸಿಯಾಗಿ ಮತ್ತೆ ಅವರಿಂದಲೇ ಬರುತ್ತದೆ. ನನ್ನ ಯಜಮಾನರು ಒಪ್ಪಲೇ ಇಲ್ಲ, ಡಾಕ್ಟರೇ ಕರೆಸಿ ಹೇಳಿದ ಮೇಲೆ ತೆಗೆದುಕೊಂಡರು. ಈ ಸೋಂಕು ತಿಂಗಳುಗಟ್ಟಲೆ ಸದ್ದಿಲ್ಲದೆ ಇರಬಹುದು, ಯಾರಿಂದ ಬಂತು ಅಂತ ಜಗಳಕ್ಕೆ ಇಳಿಯಬೇಡಿ. ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ.
— ಗೃಹಿಣಿ, ಹುಬ್ಬಳ್ಳಿ

ದುಡ್ಡಿನ ಚಿಂತೆ ಇದ್ದರೆ ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೆ (ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ಕೊಡುವ ಕಡೆ) ಹೋಗಿ, ಪುಕ್ಕಟೆ. ಅಲ್ಲಿ ಲಕ್ಷಣ ನೋಡಿ ಹಸಿರು ಕಿಟ್ (ಮಾತ್ರೆಗಳ ಪೊಟ್ಟಣ) ಕೊಡುತ್ತಾರೆ, ಬ್ಯಾಕ್ಟೀರಿಯಲ್ ವಜೈನೋಸಿಸ್, ಟ್ರೈಕೊಮೊನಾಸ್‌ಗೆ ಸೆಕ್ನಿಡಜೋಲ್ ಮತ್ತು ಫಂಗಸ್‌ಗೆ ಫ್ಲುಕೋನಜೋಲ್ ಎರಡೂ ಇರುತ್ತವೆ. ಮೊದಲ ಸಲಕ್ಕೆ ಅದು ಒಳ್ಳೆಯದೇ. ನಿಮಗೆ ಪದೇಪದೇ ಬರುತ್ತಿದೆ ಅಲ್ವಾ, ಅದನ್ನು ಬಾಯಿಬಿಟ್ಟು ಹೇಳಿ ಸ್ವಾಬ್ ಕೇಳಿ. ಜೊತೆಗೆ ಶುಗರ್ ಕೂಡ ನೋಡಿಸಿ, ಸಕ್ಕರೆ ಕಾಯಿಲೆ ಇದ್ದರೆ ಫಂಗಸ್ ಬಿಡುವುದಿಲ್ಲ. ಗರ್ಭಿಣಿಯಾಗಿದ್ದರೆ ಮಾತ್ರೆ ಬರೆಯುವ ಮೊದಲೇ ತಿಳಿಸಿ. ಕಿಬ್ಬೊಟ್ಟೆ ನೋವು, ಜ್ವರ ಬಂದರೆ ಮಾತ್ರ ರಿಪೋರ್ಟಿಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.
— ಆಶಾ ಕಾರ್ಯಕರ್ತೆ, ಮಂಡ್ಯ