ಸಹಾಯ ಬೇಕು: ಮಕ್ಕಳ ಗುಟ್ಟುಭಾಷೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಮಿಟ್‌ಫರ್ಡ್ ಮನೆತನದ ಒಡಹುಟ್ಟಿದವರ ಬಗ್ಗೆ ಪುಟ್ಟ ನಾಟಕ ಬರೆಯುತ್ತಿದ್ದೇನೆ. ಆರು ಅಕ್ಕತಂಗಿಯರು, ಒಬ್ಬನೇ ಹುಡುಗ ಟಾಮ್. ಆಕ್ಸ್‌ಫರ್ಡ್‌ಶೈರ್‌ನ ಹಳ್ಳಿಮನೆಯಲ್ಲಿ ಯೂನಿಟಿ, ಜೆಸ್ಸಿಕಾ ತಮಗಷ್ಟೇ ತಿಳಿಯುವ ‘ಬೌಡಲ್‌ಡಿಜ್’ ಎಂಬ ಭಾಷೆ ಕಟ್ಟಿಕೊಂಡಿದ್ದರು. ಮುಂದೆ ಯೂನಿಟಿ ಹಿಟ್ಲರನ ಹಿಂದೆ ಹೋದಳು. ಎಡಪಂಥೀಯಳಾದ ಜೆಸ್ಸಿಕಾ 1937ರಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಸ್ಪೇನಿಗೆ ಓಡಿದಳು. 1939ರ ಸೆಪ್ಟೆಂಬರ್ 3, ಬ್ರಿಟನ್ ಯುದ್ಧ ಸಾರಿದ ದಿನವೇ, ಯೂನಿಟಿ ಮ್ಯೂನಿಕ್‌ನಲ್ಲಿ ತಲೆಗೆ ಗುಂಡು ಹಾರಿಸಿಕೊಂಡಳು. ಬದುಕಿದಳು, ಮೊದಲಿನಂತಾಗಲಿಲ್ಲ. ಟಾಮ್ 1945ರಲ್ಲಿ ಬರ್ಮಾದಲ್ಲಿ ಗಾಯಗೊಂಡು ತೀರಿಕೊಂಡ.

ನನ್ನ ತೊಡಕು ಆ ಭಾಷೆಯದೇ. ನಾವು ಚಿಕ್ಕಂದಿನಲ್ಲಿ ಆಡುತ್ತಿದ್ದ ‘ಕ ಭಾಷೆ’ ಹಾಕಿ ನೋಡಿದೆ, ಬರೀ ನಗು ಬಂತು. ಕೊನೆಯ ದೃಶ್ಯದಲ್ಲಿ ಅದೇ ಮಾತು ಕಣ್ಣೀರು ತರಿಸಬೇಕಲ್ಲ! ನಿಮ್ಮೂರ ಮಕ್ಕಳು ಬೇರೆ ಯಾವ ಗುಟ್ಟುಭಾಷೆ ಆಡುತ್ತಿದ್ದರು? ಒಂದೆರಡು ವಾಕ್ಯ ಬರೆದು ತಿಳಿಸಿದರೆ ದೊಡ್ಡ ಉಪಕಾರ.