ಲಿಮಾದಲ್ಲಿ ದಿನಾ ಮೋಡ, ಮಳೆ ಮಾತ್ರ ಇಲ್ಲ. ಯಾಕೆ ಸರ್?

ಪ್ರಶ್ನೆ: ನಮಸ್ಕಾರ ಸರ್. ನಾವು ಮಂಗಳೂರಿನವರು. ನನ್ನ ತಮ್ಮ ಕೆಲಸದ ಮೇಲೆ ಪೆರು ದೇಶದ ಲಿಮಾಗೆ ಹೋಗಿ ಎರಡು ತಿಂಗಳಾಯಿತು. ಈಗ ಆಗಸ್ಟ್, ಇಲ್ಲಿ ಮಳೆ ಸುರಿಯುತ್ತಿದೆ. ವಿಡಿಯೋ ಕಾಲ್‌ನಲ್ಲಿ ನೋಡಿದರೆ ಅಲ್ಲೂ ಥೇಟ್ ಇಲ್ಲಿನ ಹಾಗೇ ಮೋಡ. ಒಗೆದ ಟವೆಲ್ ಎರಡು ದಿನವಾದರೂ ಒಣಗುವುದಿಲ್ಲವಂತೆ. ಆದರೆ ಒಂದು ದಿನವೂ ಕೊಡೆ ಬಿಚ್ಚಿಲ್ಲ. ಮೇಲಿಂದ ಸ್ವೆಟರ್ ಬೇರೆ! ಮಂಗಳೂರು ಸಮಭಾಜಕ ವೃತ್ತದಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದೆ, ಲಿಮಾ 12 ಡಿಗ್ರಿ ದಕ್ಷಿಣಕ್ಕಿದೆ. ಎರಡೂ ಕಡೆ ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಬೆಟ್ಟ. ಮತ್ತೆ ಹೀಗ್ಯಾಕೆ?

ಉತ್ತರ (ನಿವೃತ್ತ ಹವಾಮಾನ ತಜ್ಞ): ಭೂಪಟ ತೆಗೆದು ನೋಡಿದ್ದೀರಲ್ಲ ಮೇಡಂ, ಖುಷಿಯಾಯಿತು. ವ್ಯತ್ಯಾಸ ಇರುವುದು ನೀರಿನಲ್ಲಿ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ ನಮ್ಮ ಅರಬ್ಬಿ ಸಮುದ್ರದ ಮೇಲ್ಮೈ 29-30 ಡಿಗ್ರಿ ಕಾದಿರುತ್ತದೆ. ಲಿಮಾದ ಕಡಲು ಈಗ ಸುಮಾರು 16 ಡಿಗ್ರಿ ಅಷ್ಟೇ. ಅಂಟಾರ್ಕ್ಟಿಕಾ ದಿಕ್ಕಿನಿಂದ ತಣ್ಣನೆಯ ಪ್ರವಾಹವೊಂದು ಚಿಲಿ, ಪೆರು ತೀರದುದ್ದಕ್ಕೂ ಉತ್ತರಕ್ಕೆ ಹರಿಯುತ್ತದೆ. ಅದಕ್ಕೆ ಹಂಬೋಲ್ಟ್ ಪ್ರವಾಹ ಎಂದು ಹೆಸರು. ಸಾಲದ್ದಕ್ಕೆ ಗಾಳಿ ಮೇಲಿನ ನೀರನ್ನು ತೀರದಿಂದ ಆಚೆಗೆ ತಳ್ಳುತ್ತದೆ, ಆಳದ ತಣ್ಣೀರು ಮೇಲಕ್ಕೆ ಬರುತ್ತದೆ.

ಆ ನೀರು ತಾಗಿ ಕೆಳಗಿನ ಗಾಳಿ ತಂಪಾಗುತ್ತದೆ. ಅದರ ಮೇಲೆ, ಎತ್ತರದಿಂದ ಇಳಿದುಬಂದ ಬಿಸಿ ಒಣಗಾಳಿ ಕೂತಿರುತ್ತದೆ. ತಪ್ಪಲೆಗೆ ತಟ್ಟೆ ಮುಚ್ಚಿದ ಹಾಗೆ. ತೇವ ಏನೋ ಬೇಕಾದಷ್ಟಿದೆ, ಮೇಲೇರಲು ದಾರಿಯಿಲ್ಲ. ಮಳೆಯಾಗಬೇಕಾದರೆ ಮೋಡ ಎತ್ತರಕ್ಕೆ ಬೆಳೆಯಬೇಕು. ಇದು ಚಾಪೆಯಂತೆ ಹರಡಿಕೊಂಡು ಬಿಡುತ್ತದೆ. ಹೆಚ್ಚೆಂದರೆ ಕನ್ನಡಕ ಒದ್ದೆಯಾಗುವಷ್ಟು ತುಂತುರು. ಅಲ್ಲಿನವರು ಅದನ್ನು ಗರೂವ ಎನ್ನುತ್ತಾರೆ. ಊರಂಚಿನ ಗುಡ್ಡಗಳಲ್ಲಿ ಕೆಲವರು ಬಲೆ ಕಟ್ಟಿ, ಮಂಜಿನ ಹನಿ ಹಿಡಿದು ಡ್ರಮ್ಮಿಗೆ ತುಂಬಿಸಿಕೊಳ್ಳುತ್ತಾರೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ, ಲಿಮಾದಲ್ಲಿ ಹತ್ತಿಪ್ಪತ್ತು ಮಿ.ಮೀ. ಆದರೆ ಜಾಸ್ತಿ.

ಇನ್ನು ಬೆಟ್ಟ. ನಮ್ಮ ಮಳೆಗಾಳಿ ಸಮುದ್ರದಿಂದ ಬಂದು ಘಟ್ಟಕ್ಕೆ ಬಡಿಯುತ್ತದೆ, ಕರಾವಳಿಯಲ್ಲೇ ಸುರಿಸುತ್ತದೆ. ಅಲ್ಲಿ ತೇವದ ಗಾಳಿ ಅಮೆಜಾನ್ ಕಾಡಿನ ಕಡೆಯಿಂದ, ಅಂದರೆ ಪೂರ್ವದಿಂದ ಬಂದು ಆಂಡೀಸ್‌ನ ಆಚೆ ಮಗ್ಗುಲಲ್ಲೇ ಖಾಲಿಯಾಗುತ್ತದೆ. ಬೆಟ್ಟದ ಲೆಕ್ಕದಲ್ಲಿ ಲಿಮಾ ಮಂಗಳೂರಲ್ಲ, ಚಿತ್ರದುರ್ಗ!

ಇನ್ನೊಬ್ಬ ಸದಸ್ಯರು: ಸರ್, ನಾನು ಚಿತ್ರದುರ್ಗದ ಕಡೆ ರೈತ. ಟಿವಿಯವರು ಎಲ್ ನಿನೊ ಎಲ್ ನಿನೊ ಅಂತಾರಲ್ಲ, ಅದೂ ಆ ಸಮುದ್ರದ್ದೇ ಅಲ್ವಾ? ಅದು ಬಂದರೆ ನಮಗೆ ಬರ ಗ್ಯಾರಂಟಿನಾ?

ಉತ್ತರ: ಅದೇ ಸಮುದ್ರ, ಪೆಸಿಫಿಕ್ ಮಹಾಸಾಗರ. ಅದರ ನೀರು ಕೆಲವು ವರ್ಷ ಮಾಮೂಲಿಗಿಂತ ಬಿಸಿಯಾಗುವುದೇ ಎಲ್ ನಿನೊ. ಕ್ರಿಸ್‌ಮಸ್ ಹೊತ್ತಿಗೆ ನೀರು ಬಿಸಿಯಾಗುವುದನ್ನು ಕಂಡು ಪೆರುವಿನ ಮೀನುಗಾರರೇ ಇಟ್ಟ ಹೆಸರು, ಬಾಲ ಯೇಸು ಎಂಬ ಅರ್ಥದಲ್ಲಿ. ಅದು ಜೋರಾದ ವರ್ಷ ಪೆರುವಿನ ಮರಳುಗಾಡು ಕರಾವಳಿಯಲ್ಲೂ ಮಳೆ ಸುರಿದು ನೆರೆ ಬರುತ್ತದೆ, 1998ರಲ್ಲಿ ಉತ್ತರ ಪೆರುವಿನಲ್ಲಿ ಆದ ಹಾಗೆ. ನಮ್ಮ ಮುಂಗಾರು ಸೊರಗುವುದೂ ಉಂಟು. ದೇಶದ ಲೆಕ್ಕದಲ್ಲಿ 2009ರಲ್ಲಿ ಶೇ 22, 2015ರಲ್ಲಿ ಶೇ 14 ಕೊರತೆಯಾಯಿತು. ಆದರೆ 1997ರ ಎಲ್ ನಿನೊ ಭಾರೀ ಜೋರಿನದು, ಆ ವರ್ಷ ನಮ್ಮ ಮುಂಗಾರು ಸರಿಯಾಗಿಯೇ ಆಯಿತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾಗಿ, ಪೂರ್ವ ಭಾಗ ತಂಪಾಗಿ ನಮ್ಮ ಕೈ ಹಿಡಿಯಿತು. ಒಂದು ಹೆಸರು ಕೇಳಿದ ಕೂಡಲೇ ಬರ ಘೋಷಿಸುವ ಚಾನೆಲ್‌ಗಳನ್ನು ನಾನಂತೂ ನೋಡುವುದನ್ನೇ ಬಿಟ್ಟಿದ್ದೇನೆ.

ಪ್ರಶ್ನೆ ಕೇಳಿದವರು: ತಮ್ಮನಿಗೆ ಇದನ್ನೇ ಕಳಿಸಿದೆ ಸರ್. ‘ಟವೆಲ್ ಯಾವಾಗ ಒಣಗುತ್ತೆ, ಅದನ್ನ ಕೇಳು’ ಅಂತಾನೆ.

ಉತ್ತರ: ಅಲ್ಲಿ ಬೇಸಿಗೆ ಡಿಸೆಂಬರ್‌ನಿಂದ. ಅಲ್ಲಿಯವರೆಗೆ ಫ್ಯಾನ್ ಕೆಳಗೆ ಹಾಕಲಿ.