ಎಕ್ಸೆಲ್ ಚಾರ್ಟ್‌ಗೂ ಮೂಲ ಡೇಟಾಗೂ ಇರುವ ಲಿಂಕ್ ಮ್ಯಾಕ್ರೋದಿಂದ ತೆಗೆಯೋದು ಹೇಗೆ?

ಲೆಕ್ಕದವಳು:
ಪ್ರತಿ ತಿಂಗಳು ವರದಿಗೆ ಒಂದು ಶೀಟ್ ತುಂಬ ಚಾರ್ಟ್ ಮಾಡುತ್ತೇನೆ. ಅವನ್ನು ಬೇರೆ ವರ್ಕ್‌ಬುಕ್‌ಗೆ ಕಾಪಿ ಮಾಡಿ ಮೇಲಿನವರಿಗೆ ಕಳಿಸಬೇಕು. ಫೈಲ್ ತೆರೆದ ಕೂಡಲೇ ಲಿಂಕ್ ಅಪ್‌ಡೇಟ್ ಮಾಡಲಾ ಅಂತ ಕೇಳುತ್ತದೆ. ಅವರು ಹೂಂ ಅಂದುಬಿಟ್ಟರೆ ಹೋದ ತಿಂಗಳ ಚಾರ್ಟ್‌ನಲ್ಲಿ ಈ ತಿಂಗಳ ಅಂಕಿ! ಚಿತ್ರವಾಗಿ ಅಂಟಿಸೋಣ ಅಂದರೆ ಬಣ್ಣ ಬದಲಿಸೋಕೆ ಆಗಬೇಕಂತೆ. ಸೀರೀಸ್ (ಚಾರ್ಟ್‌ನ ಒಂದು ಗೆರೆ ಅಥವಾ ಕಂಬಗಳ ಸಾಲು) ಆರಿಸಿ, ಫಾರ್ಮುಲಾ ಬಾರ್‌ನಲ್ಲಿ ಎಫ್9 ಒತ್ತಿ ಲಿಂಕ್ ಕಡಿಯೋದು ಗೊತ್ತು. ಒಂದೊಂದಕ್ಕೇ ಹಾಗೆ ಮಾಡ್ತಾ ಕೂತರೆ ಬೆಳಗಾಗುತ್ತೆ ಅಷ್ಟೇ. ಎಲ್ಲವನ್ನೂ ಒಂದೇ ಸಲ ತಾನೇ ಮಾಡಿಬಿಡೋ ಮ್ಯಾಕ್ರೋ (ಚಿಕ್ಕ ಪ್ರೋಗ್ರಾಂ) ಇದ್ಯಾ?

ಹಳೇಮೌಸ್:
ಇದೆ ಮೇಡಂ, ಚಿಕ್ಕದೇ. ಮೊದಲು ಫೈಲ್‌ನ ಇನ್ನೊಂದು ಕಾಪಿ ಉಳಿಸಿಕೊಳ್ಳಿ. ಮ್ಯಾಕ್ರೋ ಮಾಡಿದ್ದನ್ನು ಕಂಟ್ರೋಲ್ ಝಡ್ ವಾಪಸ್ ತರಲ್ಲ.

ಆಲ್ಟ್ ಜೊತೆ ಎಫ್11 ಒತ್ತಿ, ಇನ್ಸರ್ಟ್‌ನಲ್ಲಿ ಮಾಡ್ಯೂಲ್ ತೆಗೆದುಕೊಳ್ಳಿ. ಎರಡು ಫಾರ್ ಈಚ್ ಲೂಪ್ (ಒಂದೊಂದಕ್ಕೂ ಅದೇ ಕೆಲಸ ಮಾಡಿಸೋ ಸುತ್ತು) ಬೇಕು. ಹೊರಗಿನದು ಶೀಟ್‌ನ ಚಾರ್ಟ್‌ಆಬ್ಜೆಕ್ಟ್ಸ್ (ಎಲ್ಲ ಚಾರ್ಟ್‌ಗಳು) ಮೇಲೆ, ಒಳಗಿನದು ಆ ಚಾರ್ಟ್‌ನ ಸೀರೀಸ್‌ಕಲೆಕ್ಷನ್ (ಅದರ ಎಲ್ಲ ಸೀರೀಸ್) ಮೇಲೆ. ಒಳಗೆ ಮೂರೇ ಸಾಲು:

ಸೀರೀಸ್.ವ್ಯಾಲ್ಯೂಸ್ = ಸೀರೀಸ್.ವ್ಯಾಲ್ಯೂಸ್
ಸೀರೀಸ್.ಎಕ್ಸ್‌ವ್ಯಾಲ್ಯೂಸ್ = ಸೀರೀಸ್.ಎಕ್ಸ್‌ವ್ಯಾಲ್ಯೂಸ್
ಸೀರೀಸ್.ನೇಮ್ = ಸೀರೀಸ್.ನೇಮ್

ಸುಮ್ನೆ ಬರೆದ ಹಾಗೆ ಕಾಣುತ್ತೆ, ಅಲ್ವಾ? ಬಲಗಡೆಯದು ಓದಿದಾಗ ಬರೀ ಅಂಕಿಗಳು ಸಿಗುತ್ತವೆ. ಅದನ್ನೇ ಎಡಗಡೆಗೆ ಬರೆದಾಗ ಸೆಲ್ ವಿಳಾಸ ಹೋಗಿ ಅಂಕಿಗಳೇ ಉಳಿಯುತ್ತವೆ. ನೀವು ಎಫ್9 ಒತ್ತಿದಾಗ ಆಗೋದೂ ಇದೇ.

ಚಾರ್ಟ್‌ನ ಶೀರ್ಷಿಕೆ ಯಾವುದಾದರೂ ಸೆಲ್‌ನಿಂದ ಬರುತ್ತಿದ್ದರೆ ಆ ಲಿಂಕ್ ಹಾಗೇ ಉಳಿಯುತ್ತೆ. ಹ್ಯಾಸ್‌ಟೈಟಲ್ (ಶೀರ್ಷಿಕೆ ಇದೆಯೇ ಅನ್ನೋದು) ನಿಜವೇ ಅಂತ ನೋಡಿ, ಚಾರ್ಟ್‌ಟೈಟಲ್.ಟೆಕ್ಸ್ಟ್‌ಗೂ ಇದೇ ಉಪಾಯ ಮಾಡಿ.

ಲೆಕ್ಕದವಳು:
ಕೆಲವು ಚಾರ್ಟ್ ಸರಿ ಹೋಯ್ತು ಸರ್, ಥ್ಯಾಂಕ್ಸ್. ಆದರೆ ಶೇಕಡಾವಾರು ಇರೋ ಒಂದರಲ್ಲಿ ವ್ಯಾಲ್ಯೂಸ್ ಸಾಲಿಗೆ ಬಂದು ನಿಂತುಬಿಡುತ್ತೆ. ವ್ಯಾಲ್ಯೂಸ್ ಪ್ರಾಪರ್ಟಿ ಸೆಟ್ ಮಾಡೋಕೆ ಆಗಲ್ಲ ಅನ್ನೋ ಎರರ್.

ಹಳೇಮೌಸ್:
ಭಾಗಾಕಾರದ ಅಂಕಿಗಳು ತಾನೇ? ಸೀರೀಸ್ ಫಾರ್ಮುಲಾದಲ್ಲಿ ಹಿಡಿಸುವ ಅಕ್ಷರಗಳಿಗೆ ಮಿತಿ ಇದೆ. ಸೆಲ್‌ನಲ್ಲಿ 33% ಅಂತ ಕಂಡರೂ ಒಳಗೆ 0.333333333333333 ಇರುತ್ತೆ, ಅಂದರೆ 17 ಅಕ್ಷರ. ಇಂಥ 12 ಅಂಕಿ ಸೇರಿದರೆ ಅಲ್ಪವಿರಾಮ ಬಿಟ್ಟೇ 204. ರೌಂಡ್ ಮಾಡಿ 0.33 ಅಂತ ಇಟ್ಟರೆ 48ರಲ್ಲಿ ಮುಗಿಯುತ್ತೆ. ವ್ಯಾಲ್ಯೂಸನ್ನು ಒಂದು ವೇರಿಯಬಲ್‌ಗೆ ಹಾಕಿ, ಒಂದೊಂದನ್ನೂ ರೌಂಡ್ ಮಾಡಿ, ಆಮೇಲೆ ವಾಪಸ್ ಬರೆಯಿರಿ. ದಿನದಿನದ ಡೇಟಾ ಸಾವಿರಗಟ್ಟಲೆ ಇದ್ದರೆ ಇದಕ್ಕೂ ಬಗ್ಗಲ್ಲ. ಆಗ ಕಾಪಿ ಆ್ಯಸ್ ಪಿಕ್ಚರ್ (ಚಿತ್ರವಾಗಿ ಕಾಪಿ ಮಾಡೋದು) ಸುಲಭದ ದಾರಿ, ಮೇಲಿನವರು ಏನೇ ಅನ್ನಲಿ.

ಚಾರ್ಟ್‌ನ ಕೆಳಗಡೆ ತಾರೀಖಿನ ಬದಲು 45292 ಥರ ಬಂದರೆ ಗಾಬರಿ ಬೇಡ, ಅದು 2024ರ ಜನವರಿ 1. ಆ್ಯಕ್ಸಿಸ್ ಫಾರ್ಮ್ಯಾಟ್‌ನಲ್ಲಿ ಲಿಂಕ್ಡ್ ಟು ಸೋರ್ಸ್ ಟಿಕ್ ತೆಗೆದು ತಾರೀಖಿನ ಫಾರ್ಮ್ಯಾಟ್ ಕೊಡಿ.

ಮೂಲೆಮನೆ:
ನಡುವೆ ಬಾಯಿ ಹಾಕ್ತೀನಿ. ಇದನ್ನೇ ಪವರ್‌ಪಾಯಿಂಟ್‌ಗೆ ಅಂಟಿಸೋರು ಎಂಬೆಡ್ ವರ್ಕ್‌ಬುಕ್ ಆಯ್ಕೆ ಮಾಡಬೇಡಿ. ಲಿಂಕ್ ಇರಲ್ಲ ನಿಜ, ಆದರೆ ಇಡೀ ವರ್ಕ್‌ಬುಕ್ ಸ್ಲೈಡ್ ಜೊತೆ ಹೋಗುತ್ತೆ. ಪಕ್ಕದ ಶೀಟ್‌ನಲ್ಲಿ ಸಂಬಳದ ಪಟ್ಟಿ ಇದ್ದರೆ ಅದೂ!

ಲೆಕ್ಕದವಳು:
ಅಯ್ಯೋ, ಇದು ಗೊತ್ತಿರಲಿಲ್ಲ. ರೌಂಡ್ ಮಾಡಿದ ಮೇಲೆ ಎಲ್ಲ ಆಯ್ತು ಸರ್. ಪಿವಟ್ ಚಾರ್ಟ್ (ಡೇಟಾ ಒಟ್ಟುಮಾಡಿ ತೋರಿಸೋ ಪಿವಟ್ ಟೇಬಲ್‌ನಿಂದ ಮಾಡಿದ್ದು) ಒಂದು ಉಳಿದಿದೆ.

ಹಳೇಮೌಸ್:
ಅದಕ್ಕೆ ಈ ಮ್ಯಾಕ್ರೋ ನಡೆಯಲ್ಲ. ಪಿವಟ್ ಚಾರ್ಟ್ ತನ್ನ ಟೇಬಲ್ ಬಿಟ್ಟು ಇರೋದೇ ಇಲ್ಲ. ಪಿವಟ್ ಟೇಬಲನ್ನು ಕಾಪಿ ಮಾಡಿ, ಬೇರೆ ಕಡೆ ವ್ಯಾಲ್ಯೂಸ್ ಅಂತ ಪೇಸ್ಟ್ ಮಾಡಿ. ಅದರ ಮೇಲೆ ಮಾಮೂಲಿ ಚಾರ್ಟ್ ಹಾಕಿ ಮ್ಯಾಕ್ರೋ ಓಡಿಸಿ.